ಕಾರವಾರದಲ್ಲಿ ರೆಸಿಡೆಂಟ್: ರೂಮು, ಜೋರು, ಪೇಜ

ಕಾರವಾರದ ಆಸ್ಪತ್ರೆಗೆ ರೆಸಿಡೆಂಟ್, ಅಂದರೆ ತರಬೇತಿಯ ವೈದ್ಯರಾಗಿ ಬರುವವರಿಗೆ ಕೆಲವು ಮಾತು. ಮೊದಲು ರೂಮು. ಹೊಳೆಯಾಚೆ ಸದಾಶಿವಗಡದ ಕಡೆ ಮನೆ ಎಷ್ಟೇ ಚೆನ್ನಾಗಿ ಸಿಕ್ಕರೂ ನೈಟ್ ಡ್ಯೂಟಿಯವರು ಕಾಳಿ ನದಿಯ ಈಚೆ ದಡದಲ್ಲೇ, ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ ಹಿಡಿಯಿರಿ. 2024ರ ಆಗಸ್ಟ್ 7ರ ನಡುರಾತ್ರಿ ಹಳೇ ಸೇತುವೆ ಕುಸಿದದ್ದು ನೆನಪಿರಲಿ. ಮುಂಗಡ ಕೊಡುವ ಮೊದಲು ಪಡುವಣ ಗೋಡೆಯನ್ನು ಅಂಗೈಯಿಂದ ಮುಟ್ಟಿ ನೋಡಿ. ಮಳೆ ಸಮುದ್ರದ ಕಡೆಯಿಂದ ಆ ಗೋಡೆಗೇ ಬಡಿಯುತ್ತದೆ. ಅದಕ್ಕೆ ಒರಗಿಸಿಟ್ಟ ಪುಸ್ತಕಗಳಿಗೆ ಜುಲೈ ಹೊತ್ತಿಗೆ ಬೂಷ್ಟು. ಏಪ್ರನ್ ಐದಾದರೂ ಇರಲಿ, ಒಣಗಲು ಮೂರು ದಿನ ಬೇಕು.

ಕನ್ನಡ ಬಂದರೆ ಸಾಕು ಅಂದುಕೊಂಡು ಬಂದವರು ಎಡವುವುದು ಓಪಿಡಿಯಲ್ಲಿ, ಅಂದರೆ ಹೊರರೋಗಿ ವಿಭಾಗದಲ್ಲಿ. ‘ಜೋರ್ ಆಯ್ಲಾ’ ಅಂದರೆ ಕೊಂಕಣಿಯಲ್ಲಿ ಜ್ವರ ಬಂದಿದೆ ಅಂತ. ಕನ್ನಡದ ಕಿವಿಗೆ ಅದು ‘ಜೋರಾಗಿ’ ಅಂತ ಕೇಳಿ, ‘ಏನು ಜೋರು?’ ಅನ್ನುತ್ತೀರಿ. ‘ಖಂಯ್ ದುಕ್ತಾ?’, ಎಲ್ಲಿ ನೋವು. ‘ಕಿತ್ಲೆ ದೀಸ್ ಜಾಲೆ?’, ಎಷ್ಟು ದಿನ ಆಯ್ತು. ಇವೆರಡು ಮೊದಲ ವಾರಕ್ಕೆ ಸಾಕು. ಹೆಂಗಸರ ತೊಂದರೆ ಕೇಳುವಾಗ ಜೊತೆಗೆ ಬಂದ ಮಗನಿಂದ ಅನುವಾದ ಮಾಡಿಸಬೇಡಿ, ಅರ್ಧ ಮಾತು ನುಂಗಿಹೋಗುತ್ತದೆ. ವಾರ್ಡಿನ ಆಯಾರನ್ನು ಕರೆಯಿರಿ.

‘ಊಟ ಆಯ್ತಾ’ ಅಂತ ಕೇಳುವುದು ಸಕ್ಕರೆ ಕಾಯಿಲೆಯಲ್ಲಿ ಪ್ರಯೋಜನವಿಲ್ಲದ ಪ್ರಶ್ನೆ. ಬೆಳಿಗ್ಗೆ ಏಳೂವರೆಗೆ 30/70 ಇನ್ಸುಲಿನ್ (ಬೇಗ ಮತ್ತು ನಿಧಾನ ಕೆಲಸ ಮಾಡುವ ಎರಡರ ಮಿಶ್ರಣ) ಬರೆದು ಕಳಿಸುತ್ತೀರಿ. ರೋಗಿ ಹೆಂಗಸು ಚುಚ್ಚಿಕೊಂಡು, ಚಹಾ ಕುಡಿದು ಗದ್ದೆಗೆ ಹೋಗುತ್ತಾಳೆ. ಪೇಜ, ಅಂದರೆ ಗಂಜಿ, ಹನ್ನೊಂದಕ್ಕೆ. ಅಷ್ಟರಲ್ಲಿ ಸಕ್ಕರೆ ಇಳಿದು ಬೆವರು, ನಡುಕ. ಪೇಜ ಎಷ್ಟು ಗಂಟೆಗೆ, ಅದರಲ್ಲಿ ಅನ್ನವೆಷ್ಟು, ತಿಳಿಯೆಷ್ಟು ಅಂತ ಕೇಳಿ. ಒಂದೋ ಇನ್ಸುಲಿನ್ ಸಮಯ ಬದಲಿಸಿ, ಇಲ್ಲವೇ ಚುಚ್ಚಿದ ಅರ್ಧ ಗಂಟೆಗೆ ತಿಂಡಿ ಖಚಿತ ಮಾಡಿಕೊಳ್ಳಿ. ಆಪರೇಷನ್ ಆದವರಿಗೆ ಮೀನು ‘ನಂಜು’. ಹೇಳದೇ ಬಿಟ್ಟುಬಿಡುತ್ತಾರೆ, ಕೆಲವರು ಮೊಟ್ಟೆಯನ್ನೂ. ವಾದ ಬೇಡ, ಪ್ರೋಟೀನಿಗೆ ಡಿಸ್ಚಾರ್ಜ್ ಕಾರ್ಡಿನಲ್ಲಿ ಹೆಸರುಬೇಳೆ ಬರೆಯಿರಿ.

ಕುಡಿತವನ್ನು ಕ್ವಾರ್ಟರ್ ಲೆಕ್ಕದಲ್ಲೇ ಕೇಳಿ. ಒಂದು ಕ್ವಾರ್ಟರ್ 180 ಎಂಎಲ್, ಹತ್ತಿರ ಹತ್ತಿರ 60 ಗ್ರಾಂ ಆಲ್ಕೋಹಾಲ್. ಗಡಿ ದಾಟಿ ಗೋವಾದಲ್ಲಿ ಕುಡಿದದ್ದನ್ನು ಬೇರೆಯಾಗಿಯೇ ಕೇಳಬೇಕು, ‘ಇಲ್ಲಿ ಕುಡಿಯಲ್ಲ’ ಅನ್ನುವುದು ಸುಳ್ಳೇನಲ್ಲವಲ್ಲ! ಕೇಳದಿದ್ದರೆ ಮೂಳೆ ಮುರಿದು ದಾಖಲಾದವನು, ಕುಡಿತ ಏಕಾಏಕಿ ನಿಂತದ್ದರಿಂದ, ಎರಡನೇ ರಾತ್ರಿ ಫಿಟ್ಸ್ ಬಂದು ಮಂಚದಿಂದ ಬೀಳುತ್ತಾನೆ.

ಬೇಸಿಗೆಯಲ್ಲಿ ಜ್ವರದ ಜೊತೆ ಪ್ಲೇಟ್‌ಲೆಟ್ ಇಳಿದಿದ್ದರೆ ಕಾಡಿಗೆ ಹೋಗಿದ್ದರಾ, ಸತ್ತ ಮಂಗ ಕಂಡಿತ್ತಾ ಅಂತ ವಿಚಾರಿಸಿ. ಸಿದ್ದಾಪುರದ ಕಡೆಯವರಾದರೆ ಮಂಗನ ಕಾಯಿಲೆ ತಲೆಯಲ್ಲಿರಲಿ. ಮಳೆಗಾಲದಲ್ಲಿ ಗದ್ದೆ ಕೆಲಸದವರಾದರೆ ಇಲಿಜ್ವರ.

ಬೇರೆ ಆಸ್ಪತ್ರೆಗೆ ರೆಫರ್ ಮಾಡುವ ಮುನ್ನ ಎರಡು ಫೋನು. ಒಂದು ಅಲ್ಲಿ ಬೆಡ್ ಇದೆಯಾ, ರೋಗಿಯ ವಿಮೆ ಕಾರ್ಡ್ ನಡೆಯುತ್ತದಾ ಅಂತ. ಗೋವಾ ಸರ್ಕಾರದ ಆರೋಗ್ಯ ವಿಮೆ ಅಲ್ಲಿನ ನಿವಾಸಿಗಳಿಗೆ ಮಾತ್ರ. ಇನ್ನೊಂದು ರಸ್ತೆಯ ಬಗ್ಗೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಬಂದ್ ಆಗಿತ್ತು. ಕೊಟ್ಟ ಔಷಧ ಮತ್ತು ಅದರ ಸಮಯವನ್ನು ಪತ್ರದ ಮೇಲ್ಭಾಗದಲ್ಲೇ ದೊಡ್ಡದಾಗಿ ಬರೆಯಿರಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಡಿ. ಆಂಬುಲೆನ್ಸ್ ಹತ್ತುವಷ್ಟರಲ್ಲಿ ಶಾಯಿ ಕದಡಿರುತ್ತದೆ.