ಎಷ್ಟು ತಿಂದರೂ ಸೊರಗುತ್ತಿದ್ದ ಭೀಮ

ನಮ್ಮ ಭೀಮ ಜರ್ಮನ್ ಶೆಫರ್ಡ್ ನಾಯಿ. ಹೆಸರಿಟ್ಟವನು ನನ್ನ ಮಗ. ವರ್ಷ ತುಂಬುವ ಹೊತ್ತಿಗೆ 30 ಕೆಜಿ ತೂಗುತ್ತಿದ್ದವನು, ಅಲ್ಲಿಂದಾಚೆ ವಾರ ವಾರಕ್ಕೂ ಇಳಿಯತೊಡಗಿದ. ಊಟ ಬಿಟ್ಟಿದ್ದರೆ ನಮಗೂ ಬೇಗ ಹೊಳೆಯುತ್ತಿತ್ತೇನೋ. ಆದರೆ ಅವನು ಮೊದಲಿಗಿಂತ ದುಪ್ಪಟ್ಟು ತಿನ್ನುತ್ತಿದ್ದ. ತಟ್ಟೆ ನೆಕ್ಕಿ, ನೆಲ ನೆಕ್ಕಿ, ಕೊನೆಗೆ ಪಾತ್ರೆ ಒರೆಸುವ ಬಟ್ಟೆಯನ್ನೇ ಅಗಿಯುತ್ತಿದ್ದ. "ವೃಕೋದರನ ಹೆಸರಿಟ್ಟರೆ ಹೊಟ್ಟೇಲಿ ತೋಳ ಸೇರ್ಕೊಳ್ದೆ ಇನ್ನೇನು ಸೇರ್ಕೊಳ್ಳುತ್ತೆ" ಅಂತ ನಮ್ಮತ್ತೆ ನಗುತ್ತಿದ್ದರು. ಹದಿನಾಲ್ಕನೇ ತಿಂಗಳಲ್ಲಿ ತೂಕ 22.4 ಕೆಜಿಗೆ ಬಂದಾಗ ಯಾರೂ ನಗಲಿಲ್ಲ.

ದಿನಕ್ಕೆ ಆರೇಳು ಸಲ ಹೊರಗೆ ಹೋಗುತ್ತಿದ್ದ, ಪ್ರತಿ ಸಲವೂ ರಾಶಿ. ಬಣ್ಣ ಕಲಸಿದ ಕಡಲೆಹಿಟ್ಟಿನದು. ನೀರು ಹೊಯ್ದು ತೊಳೆದರೆ ಸಿಮೆಂಟಿನ ಮೇಲೆ ಎಣ್ಣೆಯ ಪಸೆ ಉಳಿಯುತ್ತಿತ್ತು. ರಾತ್ರಿ ಅವನ ಹೊಟ್ಟೆಯ ಗುಡುಗುಡು ಪಕ್ಕದ ಕೋಣೆಗೂ ಕೇಳಿಸುತ್ತಿತ್ತು.

ಎರಡು ತಿಂಗಳು ಸುಮ್ಮನೆ ಕಳೆದುಹೋಯಿತು. ಮೊದಲು ತೋರಿಸಿದ ಕಡೆ ಎರಡು ಸಲ ಜಂತು ಮಾತ್ರೆ ಕೊಟ್ಟರು, ಉಣ್ಣೆ ಕಚ್ಚಿ ಬರುವ ಜ್ವರಕ್ಕೆ ರಕ್ತ ನೋಡಿದರು, ಸ್ಕ್ಯಾನ್ ಮಾಡಿ "ಎಲ್ಲ ನಾರ್ಮಲ್" ಅಂದರು, ಜೀರ್ಣಕ್ಕೆ ಅಂತ ಒಂದು ಸಿರಪ್ ಬರೆದರು. ಆಮೇಲೆ ಆ ಬಾಟಲಿಯ ಚೀಟಿ ಓದಿ ನೋಡಿದೆ: ಪೆಪ್ಸಿನ್ ಮತ್ತು ಫಂಗಲ್ ಡಯಾಸ್ಟೇಸ್, ಅಂದರೆ ಮಾಂಸ ಮತ್ತು ಪಿಷ್ಟ ಕರಗಿಸುವಂಥವು. ಕೊಬ್ಬು ಕರಗಿಸುವ ಲೈಪೇಸ್ ಅದರಲ್ಲಿ ಇರಲೇ ಇಲ್ಲ. ಭೀಮನಿಗೆ ಬೇಕಿದ್ದದ್ದೇ ಮುಖ್ಯವಾಗಿ ಅದು.

ಎರಡನೇ ಡಾಕ್ಟರು ಅವನ ಸೊಂಟದ ಮೂಳೆಯ ಮೇಲೆ ಕೈಯಾಡಿಸಿ, ನನ್ನ ಕಡೆ ತಿರುಗದೆಯೇ ಕೇಳಿದರು: "ತನ್ನ ಕಕ್ಕ ತಾನೇ ತಿಂತಾನಾ?" ನಾನು ನಾಚಿಕೆಗೆ ಅದನ್ನು ಯಾರಿಗೂ ಹೇಳಿರಲಿಲ್ಲ. ಹೌದು ಅಂದೆ. ಆಗ ಅವರು ಟಿಎಲ್‌ಐ ಅನ್ನುವ ರಕ್ತ ಪರೀಕ್ಷೆಗೆ ಬರೆದರು. ದಯವಿಟ್ಟು ಈ ಹೆಸರು ನೆನಪಿಟ್ಟುಕೊಳ್ಳಿ. ಮಾಮೂಲಿ ರಕ್ತ ಪರೀಕ್ಷೆಯಲ್ಲಾಗಲಿ, ಸ್ಕ್ಯಾನಿನಲ್ಲಾಗಲಿ ಈ ಕಾಯಿಲೆ ತೀರ್ಮಾನವಾಗುವುದಿಲ್ಲ. ಹಿಂದಿನ ರಾತ್ರಿಯಿಂದ ಹನ್ನೆರಡು ಗಂಟೆ ಉಪವಾಸವಿಟ್ಟು ರಕ್ತ ಕೊಟ್ಟೆವು. (ಆ ರಾತ್ರಿ ಅವನೂ ಮಲಗಲಿಲ್ಲ, ನಮ್ಮನ್ನೂ ಮಲಗಿಸಲಿಲ್ಲ.) ಲೀಟರಿಗೆ 2.5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಯಿಲೆ ಖಾತ್ರಿ, ಆರೋಗ್ಯವಂತ ನಾಯಿಗೆ ಅದಕ್ಕಿಂತ ಸಾಕಷ್ಟು ಮೇಲಿರಬೇಕು. ಭೀಮನದು 1.1.

ಕಾಯಿಲೆಯ ಪೂರ್ತಿ ಹೆಸರು ಎಕ್ಸೋಕ್ರೈನ್ ಪ್ಯಾಂಕ್ರಿಯಾಟಿಕ್ ಇನ್‌ಸಫಿಷಿಯನ್ಸಿ. ಎಲ್ಲರೂ ಇಪಿಐ ಅನ್ನುತ್ತಾರೆ. ಮೇದೋಜೀರಕ ಗ್ರಂಥಿಯಲ್ಲಿ ಜೀರ್ಣರಸ ಮಾಡುವ ಕೋಶಗಳು ಸವೆದುಹೋಗಿರುತ್ತವೆ. ಜರ್ಮನ್ ಶೆಫರ್ಡ್ ತಳಿಗೆ ಇದು ವಂಶದಿಂದ ಬರುವುದು ಹೆಚ್ಚು. ಸುಮಾರು ತೊಂಬತ್ತು ಪಾಲು ಕೋಶಗಳು ಹೋಗುವ ತನಕ ಹೊರಗೆ ಏನೂ ಕಾಣಿಸುವುದಿಲ್ಲವಂತೆ. ತಿಂದದ್ದು ಕರಗದೆ ಹಾಗೇ ಹೊರಗೆ ಹೋಗುತ್ತದೆ. ಅಂದರೆ ನಮ್ಮ ನಾಯಿ ಹೊಟ್ಟೆ ತುಂಬಿಸಿಕೊಂಡೇ ಉಪವಾಸವಿತ್ತು. ಸತ್ತ ಕೋಶ ಮರಳಿ ಹುಟ್ಟುವುದಿಲ್ಲ. ಆ ರಸವನ್ನು ಪ್ರತಿ ಊಟಕ್ಕೂ ನಾವೇ ಹೊರಗಿನಿಂದ ಹಾಕಬೇಕು, ಅವನು ಇರುವ ತನಕ.

ಶುರು ಮಾಡಿದ್ದು ಮನುಷ್ಯರಿಗೆ ಕೊಡುವ, ಆ ರಸದ್ದೇ ಔಷಧಿಯಾದ ಪ್ಯಾಂಕ್ರಿಯಾಟಿನ್ ಕ್ಯಾಪ್ಸೂಲಿನಿಂದ, ಯಾಕೆಂದರೆ ತುಮಕೂರಿನಲ್ಲಿ ಅಂದು ಸಂಜೆಗೇ ಸಿಕ್ಕಿದ್ದು ಅದೊಂದೇ. ಔಷಧಿ ಅಂಗಡಿಯವರು "ಪೇಷಂಟ್ ವಯಸ್ಸೆಷ್ಟು ಮೇಡಂ?" ಅಂದರು. ಯೋಚಿಸದೆ "ಹದಿನಾಲ್ಕು ತಿಂಗಳು" ಅಂದುಬಿಟ್ಟೆ. ಚೀಟಿಯನ್ನು ಮೂರು ಸಲ ತಿರುಗಿಸಿ ನೋಡಿದರು ಪಾಪ. 25,000 ಯೂನಿಟ್ಟಿನವು, ಊಟಕ್ಕೆ ಮೂರು. ಮೊದಲ ಎರಡು ದಿನ ಬಾಳೆಹಣ್ಣಿನಲ್ಲಿಟ್ಟು ಇಡಿಯಾಗಿ ನುಂಗಿಸಿದೆ. ಏನೂ ಬದಲಾಗಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದರೆ, "ನುಂಗಿಸೋದಲ್ಲಮ್ಮ, ಬಿಚ್ಚಿ ಅನ್ನಕ್ಕೆ ಕಲಸಿ" ಅಂದರು. ಕಲಸಿದ ಮೇಲೆ ಸ್ವಲ್ಪ ವಾಸಿ, ಆದರೆ ಪೂರ್ತಿಯಲ್ಲ. ಕ್ಯಾಪ್ಸೂಲಿನೊಳಗಿನ ಕಾಳುಗಳಿಗೆ ಇರುವ ಮೇಲ್ಪದರ ನಾಯಿಯ ಹೊಟ್ಟೆಯಲ್ಲಿ ಸರಿಯಾದ ಹೊತ್ತಿಗೆ ಕರಗುತ್ತದೆಂಬ ಖಾತ್ರಿಯಿಲ್ಲ, ಪದರವಿಲ್ಲದ ಪುಡಿಯೇ ಮೇಲು ಅಂದರು. ಪುಡಿ ಬೆಂಗಳೂರಿನಿಂದ ತರಿಸುವುದಕ್ಕೆ ಎರಡು ವಾರ ಹಿಡಿಯಿತು.

ಆ ಎರಡು ವಾರದಲ್ಲಿ ಇನ್ನೊಂದು ಪ್ರಯೋಗವೂ ಆಯಿತು. ಹಸಿ ಮೇದೋಜೀರಕ ಗ್ರಂಥಿಯನ್ನೇ ಅರೆದು ಊಟಕ್ಕೆ ಕಲಸಿದರೂ ಕೆಲಸ ಮಾಡುತ್ತದೆ ಅಂತ ಓದಿದ್ದೆ, ಅದು ನಿಜವೂ ಹೌದು. ನಾವು ಯಾವಾಗಲೂ ಮಟನ್ ತರುವ ಅಂಗಡಿಯ ಅಣ್ಣನಿಗೆ ಕೈಯಾಡಿಸಿ ವಿವರಿಸಿದೆ: ಹೊಟ್ಟೆ ಹತ್ರ, ಕರುಳಿಗೆ ಅಂಟಿಕೊಂಡು, ಉದ್ದಕ್ಕಿರುತ್ತೆ. "ಗೊತ್ತಾಯ್ತು ಬಿಡಕ್ಕ" ಅಂತ ಕವರಿಗೆ ಹಾಕಿ ಕೊಟ್ಟರು. ಮೂರು ದಿನ ಅರೆದು ಹಾಕಿದೆ. ನಾಲ್ಕನೇ ದಿನ ಫೋಟೋ ತೆಗೆದು ಡಾಕ್ಟರಿಗೆ ಕಳಿಸಿದರೆ, "ಇದು ಗುಲ್ಮ" ಅಂದರು. ಗುಲ್ಮ ಕಡುಗೆಂಪು, ನುಣುಪು. ಬೇಕಾದದ್ದು ಮಾಸಲು ಗುಲಾಬಿ ಬಣ್ಣದ್ದು, ಮುಟ್ಟಿದರೆ ಗಂಟುಗಂಟು. ಸರಿಯಾದದ್ದು ಸಿಕ್ಕರೂ ಒಂದು ಕುರಿಯಲ್ಲಿ ಅಂಗೈಯಗಲ ಇದ್ದರೆ ಹೆಚ್ಚು. ಬೇಯಿಸಿದರೆ ಸತ್ವ ಹೋಯಿತು. ಹಸಿಯಾಗಿ ಹಾಕಿದರೆ ಕುರಿಯ ಒಳಾಂಗಗಳಿಂದ ನಾಯಿಗೆ ಬರುವ ಲಾಡಿಹುಳುವಿನ ಭಯ, ಅದು ಮನೆಯ ಮಕ್ಕಳಿಗೂ ಹರಡುವಂಥದ್ದು. ನಾನು ಅದನ್ನು ಅಲ್ಲಿಗೇ ಬಿಟ್ಟೆ.

ಪುಡಿ ಬಂದ ಮೇಲೆ ಲೆಕ್ಕ ಸರಳವಾಯಿತು. ಹತ್ತು ಕೆಜಿ ತೂಕಕ್ಕೆ ಒಂದು ಟೀ ಚಮಚ, ಪ್ರತಿ ಊಟಕ್ಕೆ. ಭೀಮನಿಗೆ ಎರಡು. ಇದು ಶುರುವಿನ ಅಳತೆ, ನಿಮ್ಮ ಡಾಕ್ಟರು ಬೇರೆ ಹೇಳಿದರೆ ಅದೇ ಸರಿ.

ಕಲಸುವುದರಲ್ಲಿ ಮಾತ್ರ ಸ್ವಲ್ಪ ಕೈಗುಣ ಬೇಕು. ಅನ್ನ ಬಿಸಿ ಇದ್ದರೆ ಪುಡಿ ಹಾಳು. ಮಗುವಿಗೆ ತುತ್ತು ಕಲಸುವಾಗ ಬೆರಳಿಗೆ ಹಿತವಾಗಿರುತ್ತದಲ್ಲ, ಅಷ್ಟು ಆರಿರಬೇಕು. ನಾನು ಕುಕ್ಕರಿನಿಂದ ತೆಗೆದ ಅನ್ನವನ್ನು ತಟ್ಟೆಯಲ್ಲಿ ಹರವಿ, ಬೇಯಿಸಿದ ಚರ್ಮವಿಲ್ಲದ ಕೋಳಿಯನ್ನು ಎಳೆ ಎಳೆಯಾಗಿ ಬಿಡಿಸಿ, ಆರಿದ ಮೇಲೆ ಪುಡಿ ಉದುರಿಸಿ, ಅರ್ಧ ಲೋಟ ನೀರು ಹಾಕಿ, ಪ್ರತಿ ಅಗುಳಿಗೂ ತಾಗುವ ಹಾಗೆ ಕಲಸುತ್ತೇನೆ. ಇಪ್ಪತ್ತು ನಿಮಿಷ ಬಿಟ್ಟರೆ ಕೋಳಿಯ ಎಳೆ ಮೆತ್ತಗಾಗಿ, ತಟ್ಟೆಯ ಅಂಚಿನಲ್ಲಿ ಗಂಜಿಯ ಹಾಗೆ ನೀರೊಡೆಯುತ್ತದೆ. ಅವನ ಹೊಟ್ಟೆಯಲ್ಲಿ ಆಗಬೇಕಾದ ಕೆಲಸ ಕಣ್ಣೆದುರಿಗೇ ಶುರುವಾಗಿರುತ್ತದೆ. ಹೀಗೆ ನೆನೆಸಿಡಲೇಬೇಕು ಅಂತಿಲ್ಲ, ಕಲಸಿದ ಕೂಡಲೇ ಕೊಟ್ಟರೂ ನಡೆಯುತ್ತದೆ ಅಂತಾರೆ ಡಾಕ್ಟರು. ನಾನು ಬಿಟ್ಟಿಲ್ಲ, ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಮೊದಲ ವಾರ ಬರಿಗೈಯಲ್ಲಿ ಕಲಸಿ ಬೆರಳ ಸಂದಿಯ ಚರ್ಮ ಸುಲಿದಿತ್ತು, ಪುಡಿಯ ಧೂಳಿಗೆ ಸೀನು ಬೇರೆ.

ರಾಗಿ ಮುದ್ದೆ ನಿಲ್ಲಿಸಬೇಕಾಗಿ ಬಂದದ್ದು ನಮ್ಮ ಮನೆಯಲ್ಲಿ ದೊಡ್ಡ ಸುದ್ದಿ. ಮರಿಯಿಂದಲೂ ಅವನಿಗೆ ಮುದ್ದೆ, ಮೊಟ್ಟೆ, ಮಜ್ಜಿಗೆ. "ಮುದ್ದೆ ತಿನ್ದೆ ಮೈ ಹೆಂಗೆ ಹಿಡಿಯುತ್ತೆ" ಅಂತ ಅತ್ತೆಯದು ಒಂದೇ ವಾದ. ಆದರೆ ರಾಗಿಯಲ್ಲಿ ನಾರು ಹೆಚ್ಚು. ನಾರು ಹೆಚ್ಚಿದ್ದಷ್ಟೂ ಪುಡಿಯ ಕೆಲಸ ಕುಂಠಿತವಾಗುತ್ತದೆ, ರಾಶಿ ಹೆಚ್ಚುತ್ತದೆ. ಪಾಲಿಷ್ ಮಾಡಿದ ಬಿಳಿ ಅಕ್ಕಿ ಸಕ್ಕರೆ ಕಾಯಿಲೆಯ ಮನುಷ್ಯರಿಗೆ ಬೇಡ, ಭೀಮನಂಥವರಿಗೆ ಅದೇ ಸರಿ. ಎಣ್ಣೆ ಜಿಡ್ಡು ಪೂರ್ತಿ ಬಿಡಿಸಬೇಕು ಅನ್ನುವವರೂ ಇದ್ದಾರೆ. ನಮ್ಮ ಡಾಕ್ಟರು ಒಪ್ಪಲಿಲ್ಲ, ಜಿಡ್ಡಿಲ್ಲದೆ ತೂಕ ಏರುವುದಿಲ್ಲ ಅಂದರು. ಎರಡನೇ ತಿಂಗಳಿನಿಂದ ಮೊಟ್ಟೆಯ ಹಳದಿಯನ್ನೂ ಸೇರಿಸಿದೆವು.

ಪುಡಿ ಶುರುವಾದ ಐದನೇ ದಿನ ಮಲ ಕಂದು ಬಣ್ಣಕ್ಕೆ ತಿರುಗಿತು, ದಿನಕ್ಕೆ ಮೂರು ಸಲಕ್ಕೆ ಇಳಿಯಿತು. ಇಂಥದ್ದಕ್ಕೆ ಮನೆಮಂದಿಯೆಲ್ಲ ಹೊರಗೆ ಬಂದು ನಿಂತು ನೋಡಿ ಸಂತೋಷಪಟ್ಟದ್ದು ಅದೇ ಮೊದಲು.

ಮೂರನೇ ವಾರ ಸ್ಟೀಲ್ ಬಟ್ಟಲಿನ ಅಂಚಿನಲ್ಲಿ ರಕ್ತದ ಹನಿ ಕಂಡಿತು. ಬಾಯಿ ಬಿಡಿಸಿ ನೋಡಿದರೆ ವಸಡು ಕೆಂಪಗೆ ಊದಿದೆ, ನಾಲಿಗೆಯ ಪಕ್ಕದಲ್ಲಿ ಸಣ್ಣ ಹುಣ್ಣು. ಉಣ್ಣೆ ಜ್ವರಕ್ಕೆ ಪ್ಲೇಟ್‌ಲೆಟ್ ಇಳಿದಿದೆ ಅಂತಲೇ ಗಾಬರಿಯಾದೆ. ಕಾರಣ ಪುಡಿಯೇ ಆಗಿತ್ತು. ಮಾಂಸ ಕರಗಿಸುವ ಪುಡಿಗೆ ವಸಡೂ ಒಂದೇ, ಕೋಳಿಯೂ ಒಂದೇ. ಆ ವಾರ ಕೆಲಸದ ಅವಸರದಲ್ಲಿ ನೀರು ಕಡಿಮೆ ಹಾಕಿ, ನೆನೆಯಲೂ ಬಿಡದೆ ಕೊಡುತ್ತಿದ್ದೆ. ಡಾಕ್ಟರು ಅಳತೆ ಸ್ವಲ್ಪ ಇಳಿಸಿದರು, ನಾನು ನೀರು ಹೆಚ್ಚಿಸಿದೆ, ಊಟವಾದ ಮೇಲೆ ಒಂದು ಬಟ್ಟಲು ನೀರು ಕುಡಿಸುವುದು ರೂಢಿ ಮಾಡಿದೆ. ವಾರದಲ್ಲಿ ವಾಸಿಯಾಯಿತು. ಆ ಇಪ್ಪತ್ತು ನಿಮಿಷವನ್ನು ನಾನು ಬಿಡದಿರುವುದು ಇದಕ್ಕೇ.

ಇನ್ನು ಬಿ12. ಇದನ್ನು ಮರೆಯುವವರೇ ಜಾಸ್ತಿ. ನಾಯಿಗಳಲ್ಲಿ ಬಿ12 ರಕ್ತಕ್ಕೆ ಸೇರಲು ಬೇಕಾದ ಅಂಶ ಮುಖ್ಯವಾಗಿ ಹುಟ್ಟುವುದೇ ಮೇದೋಜೀರಕ ಗ್ರಂಥಿಯಲ್ಲಿ. ಅದು ಪುಡಿಯಿಂದ ಸರಿಹೋಗುವುದಿಲ್ಲ. 2007ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಚಿಕಿತ್ಸೆ ಪಡೆದ 178 ಇಪಿಐ ನಾಯಿಗಳ ಪೈಕಿ 60 ಪರ್ಸೆಂಟ್ ಚೆನ್ನಾಗಿ ಚೇತರಿಸಿಕೊಂಡಿದ್ದವು. ಬಿ12 ತೀರಾ ಇಳಿದಿದ್ದವುಗಳ ಆಯಸ್ಸು ಕಡಿಮೆಯಿತ್ತು. ಟಿಎಲ್‌ಐ ಜೊತೆಗೇ ಬಿ12 ಕೂಡ ನೋಡಿಸಿ. ಭೀಮನಿಗೆ ವಾರಕ್ಕೊಂದರಂತೆ ಆರು ಇಂಜೆಕ್ಷನ್ ಚರ್ಮದಡಿಗೆ, ಆಮೇಲೆ ತಿಂಗಳು ಬಿಟ್ಟು ಇನ್ನೊಂದು, ಮತ್ತೊಂದು ತಿಂಗಳಿಗೆ ಮರುಪರೀಕ್ಷೆ. ತೂಕದ ಮೇಲೆ ಅಳತೆ 250ರಿಂದ 1500 ಮೈಕ್ರೋಗ್ರಾಂ ತನಕ ಇರುತ್ತದೆ. ಮೂರನೇ ಇಂಜೆಕ್ಷನ್ ಆದ ಮೇಲೆ, ಎಷ್ಟೋ ದಿನಗಳ ನಂತರ, ಚಪ್ಪಲಿ ಕಚ್ಚಿಕೊಂಡು ಓಡಿದ.

ಔಷಧಿಗಿಂತ ಕಷ್ಟವಾದದ್ದು ಜನರನ್ನು ತಡೆಯುವುದು. ಪುಡಿಯಿಲ್ಲದ ಒಂದು ತುತ್ತೂ ಒಳಗೆ ಹೋಗಬಾರದು, ಒಂದು ಬಿಸ್ಕತ್ತೂ. ಎಲುಬು ಕಾಣುವ ನಾಯಿ ಗೇಟಿನ ಬಳಿ ಕೂತು ದೈನ್ಯದಿಂದ ನೋಡಿದರೆ ಬೀದಿಯವರೆಲ್ಲ ಕರಗುತ್ತಾರೆ. "ಏನಮ್ಮಾ, ನಾಯಿಗೆ ಹೊಟ್ಟೆಗೇ ಹಾಕಲ್ವಾ ನೀವು?" ಅಂತ ಹಾಲಿನವರು ಮುಖಕ್ಕೇ ಕೇಳಿದರು. ವಾಕಿಂಗಿನಲ್ಲಿ ಸಗಣಿ, ಕಸ ಏನು ಕಂಡರೂ ಬಾಯಿ ಹಾಕುತ್ತಿದ್ದರಿಂದ ಬುಟ್ಟಿಯಂಥ ಮುಖವಾಡ ಹಾಕಿದೆ. ಕಚ್ಚುವ ನಾಯಿ ಅಂದುಕೊಂಡು ಜನ ತಾವಾಗಿಯೇ ದೂರ ಸರಿದರು, ಅದೂ ಅನುಕೂಲವೇ ಆಯಿತು. ಗಣೇಶನ ಹಬ್ಬದ ದಿನ ಮಾತ್ರ ಅತ್ತೆ ಎರಡು ಕರಿಗಡುಬು ಕೊಟ್ಟುಬಿಟ್ಟಿದ್ದರು. ಎರಡು ದಿನ ನೀರಿನಂತೆ ಭೇದಿ. ನಾನು ಏನೂ ಅನ್ನಲಿಲ್ಲ. ಅಂಗಳ ತೊಳೆಯುವಾಗ ಅವರೇ ಬಂದು ಪೊರಕೆ ಕಸಿದುಕೊಂಡರು. ಆಮೇಲಿನಿಂದ ಬೀದಿಯವರನ್ನು ಗದರುವವರು ಅವರೇ.

ಗೋಡೆಯ ಕ್ಯಾಲೆಂಡರಿನಲ್ಲಿ ದಿನವೂ ಎರಡೇ ವಿಷಯ ಬರೆಯುತ್ತೇನೆ: ಎಷ್ಟು ಸಲ ಹೋದ, ಯಾವ ಬಣ್ಣ. ಭಾನುವಾರ ತೂಕ. (ನಾನು ಎತ್ತಿಕೊಂಡು ತಕ್ಕಡಿ ಹತ್ತಿ, ಆಮೇಲೆ ನನ್ನ ತೂಕ ಕಳೆಯುವುದು.) ಅವನ ಹಸಿವನ್ನು ನಂಬಿದರೆ ಕೆಟ್ಟೆವು, ಅದು ತಿಂಗಳುಗಟ್ಟಲೆ ಇಳಿಯಲಿಲ್ಲ. ಮೂರನೇ ತಿಂಗಳಲ್ಲಿ ತೂಕ 26ಕ್ಕೆ ನಿಂತುಬಿಟ್ಟದ್ದು, ಗುಡುಗುಡು ಮರಳಿದ್ದು ಕ್ಯಾಲೆಂಡರಿನಿಂದಲೇ ಗೊತ್ತಾಯಿತು. ಕರುಳಿನಲ್ಲಿ ಬ್ಯಾಕ್ಟೀರಿಯಾ ಮಿತಿಮೀರಿವೆ ಅಂತ ಡಾಕ್ಟರು ಕೆಲವು ವಾರ ಟೈಲೋಸಿನ್ ಅನ್ನುವ ಆಂಟಿಬಯೋಟಿಕ್ ಕೊಟ್ಟರು. ಬೇವಿಗಿಂತ ಕಹಿ. ಖಾಲಿ ಕ್ಯಾಪ್ಸೂಲಿಗೆ ತುಂಬಿ ಕೊಡಬೇಕಾಯಿತು. ಮತ್ತೆ ತೂಕ ಏರಿತು.

ಈ ನಡುವೆ ಗೊತ್ತಿದ್ದವರೊಬ್ಬರು ತಮ್ಮ ಹೆಣ್ಣು ನಾಯಿಗೆ ಭೀಮನನ್ನು ಕೂಡಿಸಲು ಕೇಳಿದರು. ಇಂಥ ನಾಯಿಯಿಂದ ಮರಿ ಮಾಡಿಸಬಾರದು. ಇಲ್ಲ ಅಂದೆ, ಅವರಿಗೆ ಬೇಸರವಾಯಿತು.

ಈಗ ಅವನಿಗೆ ಮೂರು ವರ್ಷ, 32 ಕೆಜಿ. ಪುಡಿ ದುಬಾರಿ, ತಿಂಗಳ ದಿನಸಿಯ ಜೊತೆಗೇ ಅದಕ್ಕೂ ದುಡ್ಡು ತೆಗೆದಿಡುತ್ತೇವೆ. ಮಳೆಗಾಲದಲ್ಲಿ ಗಂಟು ಕಟ್ಟದಂತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಒಣ ಚಮಚವೊಂದನ್ನು ಅದರಲ್ಲೇ ಇಟ್ಟಿದ್ದೇನೆ. ಅಳತೆ ಒಂದೂವರೆ ಚಮಚಕ್ಕೆ ಇಳಿದು ವರ್ಷವಾಯಿತು. ಕಳೆದ ತಿಂಗಳು ಡಾಕ್ಟರನ್ನು ಕೇಳಿ ಒಂದಕ್ಕೆ ಇಳಿಸಿ ನೋಡಿದೆ. ಮೂರು ದಿನ ಚೆನ್ನಾಗಿತ್ತು. ನಾಲ್ಕನೇ ದಿನ ಬೆಳಿಗ್ಗೆ ಮತ್ತೆ ಆ ಕಡಲೆಹಿಟ್ಟಿನ ಬಣ್ಣ. ಮಧ್ಯಾಹ್ನದ ಊಟಕ್ಕೆ ಒಂದೂವರೆ ಚಮಚವನ್ನೇ ಹಾಕಿದೆ.