85 ಸಾವಿರದ ಡೋರ್ ಬೇಕಾಗಲಿಲ್ಲ

ಹೊಸ ಡೋರ್ ಹಾಕದೆ ನಾನು ರಿಪೇರಿ ಮಾಡಿದ, ಮುಂಬೈ ಮಾಟುಂಗದ ಒಂದು ಮನೆಯ ಓವನ್ ಡೋರ್ ಎಂಟು ತಿಂಗಳಿಂದ ಸರಿಯಾಗಿ ಮುಚ್ಚುತ್ತಿದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. "ಒಂದು ತಿಂಗಳೂ ನಿಲ್ಲಲ್ಲ ನೋಡು" ಅಂತ ನಮ್ಮ ರಿಪೇರಿ ಲೈನಿನವರೇ ಮೂರ್ನಾಲ್ಕು ಜನ ಹೇಳಿದ್ದರು. ಅವರಿಗೆ ಉತ್ತರ ಕೊಡುವ ಮೊದಲು ಒಂದು ಮಳೆಗಾಲ, ಒಂದು ಚಳಿಗಾಲ ದಾಟಲಿ ಅಂತ ಕಾದೆ.

ಮಷಿನ್ ಇಟಲಿಯದು. 90 ಸೆಂಟಿಮೀಟರಿನ ರೇಂಜ್, ಮೇಲೆ ಗ್ಯಾಸ್, ಕೆಳಗೆ ಕರೆಂಟ್ ಓವನ್. ಮೂರು ಲಕ್ಷದ ಮೇಲಿನ ಮಾಲು. ಮನೆಯವರು ಧಾರವಾಡ ಕಡೆಯ ಅಕ್ಕ. ಮನೆಯಲ್ಲೇ ಕೇಕ್, ನಾನ್‌ಖಟಾಯಿ ಮಾಡಿ ಮಾರುತ್ತಾರೆ. ಡೋರಿನ ಬಲಗಡೆ ಮೇಲಿನ ಮೂಲೆ ನಾಲ್ಕು ಮಿಲಿಮೀಟರಿನಷ್ಟು ಹೊರಗೆ ನಿಂತಿತ್ತು. ಎಡಗಡೆ ಗಟ್ಟಿಯಾಗಿ ಕೂತಿತ್ತು. ಆ ಸಂದಿಯಿಂದ ಬಿಸಿ ಗಾಳಿ ಮೇಲೆ ಹೊಡೆದು ಬಲಗಡೆಯ ಎರಡು ನಾಬ್ ಮುಟ್ಟಲಾಗದಷ್ಟು ಕಾಯುತ್ತಿದ್ದವು. ಟ್ರೇಯ ಎಡಭಾಗ ಕಂದು, ಬಲಭಾಗ ಬಿಳಿ. ಬಿಸಿ ಸಾಕಾದಾಗ ಕರೆಂಟ್ ನಿಲ್ಲಿಸುವ ಥರ್ಮೋಸ್ಟಾಟ್ ಕಟ್ ಆಗುವುದೇ ಅಪರೂಪ. ಗಣೇಶನ ಹಬ್ಬಕ್ಕೆ ಮೂರು ವಾರ ಉಳಿದಿತ್ತು. "ಅಣ್ಣಾರ, ಆರ್ಡರ್ ತೊಗೊಂಡೀನಿ, ಇದು ಸರಿ ಆಗ್ತದೇನ್ರಿ?" ಅಂತ ಅಕ್ಕ ಕೇಳಿದರು. ಸರ್ವಿಸ್‌ನವರು ಬಂದು ಹೊಸ ಡೋರ್ ಹಾಕಬೇಕು ಅಂದಿದ್ದರಂತೆ. 85 ಸಾವಿರ, ಎರಡು ತಿಂಗಳು ಕಾಯಬೇಕು, ಫಿಟ್ಟಿಂಗ್ ಬೇರೆ.

ಮೊದಲು ನಾನೂ ತಪ್ಪು ದಾರಿಯಲ್ಲೇ ಹೋದೆ. ಡೋರಿನ ಸುತ್ತ ಬಿಸಿ ಸೋರದಂತೆ ತಡೆಯುವ ಗ್ಯಾಸ್ಕೆಟ್ ಪಟ್ಟಿ ಒಣಗಿ ಗಟ್ಟಿಯಾಗಿತ್ತು, ಅದನ್ನೇ ಬದಲಿಸಿದೆ. ನಾಲ್ಕೂವರೆ ಸಾವಿರ ಹೋಯಿತು. ಹೊಸ ಗ್ಯಾಸ್ಕೆಟ್ ದಪ್ಪ ಅಲ್ವಾ, ಎಡಗಡೆ ಅದು ಡೋರನ್ನು ಇನ್ನಷ್ಟು ಹೊರಗೆ ತಳ್ಳಿತು. ಬಲಗಡೆಯ ಸಂದಿ ಐದು ಮಿಲಿಮೀಟರ್ ಆಯಿತು. ಆಮೇಲೆ ಡೋರ್ ತಿರುಗುವ ಕೀಲು, ಅಂದರೆ ಹಿಂಜ್ ಜೋಡಿಯನ್ನೇ ಬದಲಿಸಿದೆ. ನಮ್ಮ ಥಾಣೆಯ ಅಣ್ಣ ಒಬ್ಬರ ಹತ್ತಿರ ಅದೇ ಮಾಡೆಲ್ಲಿನ ಬಿಚ್ಚಿಟ್ಟ ಜೋಡಿ ಇತ್ತು, ಒಂಬತ್ತು ಸಾವಿರಕ್ಕೆ ಕೊಟ್ಟರು. ಹಾಕಿ ಮುಚ್ಚಿದರೆ ಮೂಲೆ ಅಲ್ಲೇ ನಿಂತಿದೆ. ಅಕ್ಕನ ಯಜಮಾನರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಏನೂ ಅನ್ನಲಿಲ್ಲ, ಒಳಗೆ ಹೋದರು. ಆ ಹದಿಮೂರೂವರೆ ಸಾವಿರವನ್ನು ನಾನು ಬಿಲ್ಲಿಗೆ ಹಾಕಲಿಲ್ಲ.

ಎರಡು ಬೇರೆ ಹಿಂಜ್, ಒಂದೇ ಸಂದಿ. ಅಂದರೆ ಕಾರಣ ಹಿಂಜ್‌ನಲ್ಲಿಲ್ಲ. ಮನೆಗೆ ಬಂದು ಮಲಗಿದರೂ ಇದೇ ಯೋಚನೆ. ಮರುದಿನ ಡೋರ್ ಬಿಚ್ಚಿ ಓವನ್ ಬಾಯಿಗೇ ಎರಡು ಕಡೆಯಿಂದ ಅಡ್ಡಡ್ಡ ದಾರ ಕಟ್ಟಿದೆ, ಮೂಲೆಯಿಂದ ಮೂಲೆಗೆ. ಚೌಕಟ್ಟು ಸಮತಟ್ಟಾಗಿದ್ದರೆ ಎರಡು ದಾರ ನಡುವಲ್ಲಿ ತಾಗಬೇಕು. ಇಲ್ಲಿ ನಡುವೆ ಬೆಳಕು ಕಾಣುತ್ತಿತ್ತು. ಡೋರ್ ನೆಟ್ಟಗೇ ಇತ್ತು, ಬಾಯಿ ತಿರುಚಿತ್ತು!

ಕೆಳಗೆ ಬಗ್ಗಿ ನೋಡಿದೆ. ಮುಂದಿನ ಬಲಗಾಲಿನ ಅಡಿಗೆ ಪೋಸ್ಟ್‌ಕಾರ್ಡ್ ಆರಾಮಾಗಿ ಹೋಯಿತು. ಹಳೆಯ ಬಿಲ್ಡಿಂಗ್, ಅಡುಗೆಮನೆಯ ನೆಲ ಮೋರಿ ಕಡೆಗೆ ಇಳಿಜಾರು. ಒಂದು ಕ್ವಿಂಟಲ್ ಮೀರಿದ ಮಷಿನ್ ಮೂರೇ ಕಾಲಿನ ಮೇಲೆ ಮೂರು ವರ್ಷ ನಿಂತಿತ್ತು. ಮೇಲಿನ ತಟ್ಟೆಗೆ ರಸಮಟ್ಟ ಇಟ್ಟರೆ ಸರಿಯಾಗಿಯೇ ತೋರಿಸುತ್ತಿತ್ತು. ಅದನ್ನು ನಂಬಿದ್ದೇ ನಾನು ಮಾಡಿದ ತಪ್ಪು. ರಸಮಟ್ಟವನ್ನು ಓವನ್ ಒಳಗಿನ ರ್ಯಾಕ್ ಮೇಲೆ ಇಡಬೇಕು, ಹಿಂದೆ ಒಮ್ಮೆ, ಮುಂದೆ ಒಮ್ಮೆ.

ಗ್ಯಾಸ್ ಕಾಕ್ ಮುಚ್ಚಿ, ಮೇನ್ ಆಫ್ ಮಾಡಿ, ಮಷಿನ್ನಿನ ಆ ಸ್ಕ್ರೂ ಕಾಲನ್ನು ನೆಲಕ್ಕೆ ಊರುವಂತೆ ತಿರುಗಿಸಿದೆ. ಒಂದು ಸುತ್ತು, ಸ್ವಲ್ಪ ಹೊತ್ತು ಬಿಡುವುದು, ಇನ್ನರ್ಧ ಸುತ್ತು. ಸಂದಿ ಐದರಿಂದ ಎರಡಕ್ಕೆ ಇಳಿಯಿತು. ಈ ಸಲ ಹಿಂಜನ್ನು ಮುಟ್ಟಿರಲೇ ಇಲ್ಲ.

ಉಳಿದ ಎರಡು ಮಿಲಿಮೀಟರಿಗೆ ಬಲಗಡೆಯ ಹಿಂಜ್ ಕೂರುವ ಸೀಟಿಗೆ ಕೈ ಹಾಕಿದೆ. ನಾಗದೇವಿ ಸ್ಟ್ರೀಟ್‌ನ ಹಾರ್ಡ್‌ವೇರ್ ಬಜಾರಿನಿಂದ ಸ್ಟೀಲ್ ಶಿಮ್, ಅಂದರೆ ಸಂದಿಗೆ ಕೊಡುವ ತೆಳು ಪಟ್ಟಿ ತಂದಿದ್ದೆ, ಇನ್ನೂರೋ ಇನ್ನೂರೈವತ್ತೋ ಆಗಿತ್ತು. ಮೊದಲು ಮೇಲಿನ ಸ್ಕ್ರೂ ಹಿಂದೆ ಕೊಟ್ಟೆ. ಮೂಲೆ ಇನ್ನೂ ಹೊರಗೆ ಬಂತು. ತೆಗೆದು ಕೆಳಗಿನ ಸ್ಕ್ರೂ ಹಿಂದೆ ಅರ್ಧ ಮಿಲಿಮೀಟರ್ ಕೊಟ್ಟೆ, ಮೂಲೆ ಒಳಗೆ ವಾಲಿತು. ಡೋರ್ ಎತ್ತುವ ಮೊದಲು ಎರಡೂ ಕಡೆಯ ಲಾಕ್ ಕೊಕ್ಕೆ ಹಾಕಿ, ಇದನ್ನು ನಿಮಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ. ಹಿಂಜ್ ಒಳಗಿನ ಸ್ಪ್ರಿಂಗಿಗೆ ಸಿಕ್ಕ ನನ್ನ ಹೆಬ್ಬೆರಳಿನ ಉಗುರು ಇನ್ನೂ ಸೊಟ್ಟಗಿದೆ.

ತಣ್ಣಗಿದ್ದಾಗ ಈಗ ಎಲ್ಲ ಚೆನ್ನಾಗಿತ್ತು. 200 ಡಿಗ್ರಿಗೆ ಅರ್ಧ ಗಂಟೆ ಬಿಟ್ಟರೆ ಮತ್ತೆ ಒಂದು ಕೂದಲಷ್ಟು ತೆರೆಯಿತು. ಎರಡಡಿ ತಗಡು ಅಷ್ಟು ಕಾದರೆ ಒಂದು ಮಿಲಿಮೀಟರ್ ಮೇಲೆಯೇ ಹಿಗ್ಗುತ್ತದೆ. ನಮ್ಮವರೆಲ್ಲ ಸೋಲುವುದು ಇಲ್ಲೇ. ತಣ್ಣಗಿದ್ದಾಗ ಹೊಂದಿಸಿ, ದುಡ್ಡು ಎಣಿಸಿ ಹೋಗುತ್ತಾರೆ. ನಾನು ಬಿಸಿಯಲ್ಲಿ ಗುರುತು ಹಾಕಿ, ಆರಿಸಿ, ಬಿಚ್ಚಿ, ಮತ್ತೆ ಕಾಯಿಸಿ ನೋಡಿದೆ. ಹೀಗೆ ಐದು ಸಲ, ಎರಡು ದಿನ. ಬಿಸಿಯಲ್ಲಿ ಗುರುತು ಹೇಗೆ ಹಾಕಿದೆ, ಕೊನೆಯ ಪಟ್ಟಿಯನ್ನು ಯಾವ ಆಕಾರಕ್ಕೆ ಕತ್ತರಿಸಿದೆ ಅನ್ನುವುದನ್ನು ಮಾತ್ರ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಅದು ನನ್ನ ಅನ್ನ.

ನಡುವೆ ಒಂದೆರಡು ಪ್ರಯೋಗ ಮಾಡಿದೆ. ರಾತ್ರಿ ಲೈಟ್ ಆರಿಸಿ ತಣ್ಣನೆಯ ಓವನ್ ಒಳಗೆ ಟಾರ್ಚ್ ಇಟ್ಟು ನೋಡಿದೆ. ದೊಡ್ಡ ಸಂದಿ ಕಾಣುತ್ತದೆ, ಸಣ್ಣದು ಕಾಣಲ್ಲ. ಚೌಕಟ್ಟಿಗೆ ಸೀಮೆಸುಣ್ಣ ಬಳಿದು ಡೋರ್ ಮುಚ್ಚಿ ತೆಗೆದರೆ ಗ್ಯಾಸ್ಕೆಟ್ ಮೇಲೆ ಎಲ್ಲಿ ಬಿಳಿ ಹತ್ತಿಲ್ಲವೋ ಅಲ್ಲಿ ಸೋರುತ್ತದೆ. ಇದು ಬಹಳ ಚೆನ್ನಾಗಿದೆ, ಮಾಡಿ ನೋಡಿ. ಟ್ರೇ ತುಂಬ ಬ್ರೆಡ್ ಹೋಳು ಜೋಡಿಸಿ ಸುಟ್ಟೂ ನೋಡಿದೆ. ಕೊನೆಯ ಸಲ ಹನ್ನೆರಡರಲ್ಲಿ ಹನ್ನೊಂದು ಒಂದೇ ಬಣ್ಣ. ಹಿಂದಿನ ಮೂಲೆಯದು ಜಾಸ್ತಿ ಕೆಂಪಗಾಯಿತು, ಅದು ಓವನ್ ಒಳಗಿನ ಫ್ಯಾನಿನ ವಿಷಯ, ಡೋರಿನದಲ್ಲ.

ಆರೂವರೆ ಸಾವಿರ ತೆಗೆದುಕೊಂಡೆ. ಯಜಮಾನರು ತಾವಾಗಿಯೇ ಏಳು ಕೊಟ್ಟರು. ಲೆಕ್ಕ ಹಾಕಿದರೆ ನನಗೆ ನಷ್ಟವೇ. ಆದರೆ ಅದೇ ಅಕ್ಕನ ಮಾತಿನಿಂದ ಚೆಂಬೂರಿನಲ್ಲಿ ಎರಡು, ಬಾಂದ್ರಾದಲ್ಲಿ ಒಂದು ಕೆಲಸ ಬಂತು. ಮೂರರಲ್ಲೂ ಕಾಲು ನೆಲಕ್ಕೆ ಸರಿಯಾಗಿ ಊರಿರಲಿಲ್ಲ. ಒಂದು ಕಡೆ ಬರೀ ಕಾಲು ತಿರುಗಿಸಿದ್ದಕ್ಕೇ ಡೋರ್ ಕೂತಿತು. ಥಾಣೆಯ ಅಣ್ಣ ದೀಪಾವಳಿಗೆ ಫೋನ್ ಮಾಡಿ "ಆ ದಾರದ್ದು ಹೇಗೆ ಕಟ್ಟಿದ್ದು, ಇನ್ನೊಮ್ಮೆ ಹೇಳು ಮಾರಾಯಾ" ಅಂದರು. ಹೇಳಿಕೊಟ್ಟೆ.

ಪುಣೆಯಲ್ಲಿ ಮಾತ್ರ ಇದು ನಡೆಯಲಿಲ್ಲ. ಅಲ್ಲಿ ಮಗು ತೆರೆದ ಡೋರ್ ಮೇಲೆ ಹತ್ತಿ ನಿಂತಿತ್ತಂತೆ. ದಾರ ನಡುವಲ್ಲಿ ತಾಗಿತು, ನಾಲ್ಕೂ ಕಾಲು ಗಟ್ಟಿ, ಹಿಂಜ್ ತೋಳು ಬಾಗಿದ್ದು ಕಣ್ಣಿಗೇ ಕಾಣುತ್ತಿತ್ತು. ಶಿಮ್ ಪಟ್ಟಿಯನ್ನು ಬ್ಯಾಗಿನಿಂದ ಹೊರಗೆ ತೆಗೆಯಲೇ ಇಲ್ಲ. ಹೊಸ ಜೋಡಿ ಹಾಕಿ, ಸಂಜೆಯ ಗಾಡಿ ಹಿಡಿದು ವಾಪಸ್ ಬಂದೆ.