ನಟ್ಟು-ಬೋಲ್ಟು ಹುಡುಕೋ ಕಾಟ ತಪ್ಪಿದ್ದು ಹೀಗೆ
ಧಾರವಾಡದ ನಮ್ಮನೆ ಶೆಡ್ಡಿನಲ್ಲಿ ಸ್ಕ್ರೂ, ವಾಷರ್, ನಟ್ಟು ಎಲ್ಲ ಒಂದೇ ಡಬ್ಬಿಯಲ್ಲಿದ್ದವು. ಒಂದು ನಟ್ಟು ಬೇಕಂದ್ರೂ ಇಡೀ ಡಬ್ಬಿ ಸುರಿಯಬೇಕು. ಹುಬ್ಬಳ್ಳಿ ದುರ್ಗದಬೈಲಿನಿಂದ ತಂದ ಖಾನೆ ಬಾಕ್ಸೂ ಸರಿಹೋಗಲಿಲ್ಲ, ಸ್ವಲ್ಪ ಓರೆಯಾದರೆ ಸಾಕು, ಸಣ್ಣ ವಾಷರ್‌ಗಳು ಪಕ್ಕದ ಖಾನೆಗೆ ಜಾರುತ್ತಿದ್ದವು. ಕೊನೆಗೆ ಕೈಹಿಡಿದದ್ದು ಉಪ್ಪಿನಕಾಯಿಯ ಖಾಲಿ ಪ್ಲಾಸ್ಟಿಕ್ ಬಾಟಲಿ. ಹಲಗೆಯ ಅಡಿಗೆ ಮುಚ್ಚಳಗಳನ್ನು ಎರಡೆರಡು ಸ್ಕ್ರೂ ಹಾಕಿ ಕೂರಿಸಿದೆ (ಒಂದೇ ಹಾಕಿದರೆ ಬಾಟಲಿ ಜೊತೆ ಮುಚ್ಚಳವೂ ತಿರುಗುತ್ತದೆ), ಈಗ ಬಾಟಲಿ ತಿರುಗಿಸಿದರೆ ಕೈಗೆ ಬರುತ್ತದೆ, ಒಳಗೇನಿದೆ ಅಂತ ಹೊರಗಿನಿಂದಲೇ ಕಾಣುತ್ತದೆ. ಚೀಟಿಯಲ್ಲಿ ಎಂ6, ಎಂ8 (ಅಂದ್ರೆ 6, 8 ಮಿ.ಮೀ. ದಪ್ಪದ ಬೋಲ್ಟಿನವು) ಅಂತ ಬರೆದು ಪಕ್ಕದಲ್ಲಿ ಅದಕ್ಕೆ ಹೊಂದುವ ಪಾನಾ ನಂಬರೂ ಹಾಕಿದೆ, 10 ಮತ್ತು 13. ಜಾಸ್ತಿ ಉಪಯೋಗ ಅದರದ್ದೇ. ಬಾಟಲಿಯನ್ನು ಮಾತ್ರ ಸೋಪು ಹಾಕಿ ತೊಳೆದು, ಪೂರ್ತಿ ಒಣಗಿಸಿ. ಉಪ್ಪಿನ ಪಸೆ ಉಳಿದರೆ ಇಲ್ಲಿನ ಮಳೆಗಾಲದಲ್ಲಿ ತುಕ್ಕು ಬೇಗ ಹಿಡಿಯುತ್ತದೆ, ಅಲ್ವಾ.